ಎಮ್ಮೆ ಎದ್ದರೆ ಬಿಡುವ ಶಾಲೆ

ಮಕ್ಕಳಿದ್ದಲ್ಲಿ ನಗೆಗೆ ಬರವಿಲ್ಲ. ಮಕ್ಕಳ ಹಿಂದೆ ಅವರ ಅಪ್ಪ, ಅಜ್ಜಿ, ಎಮ್ಮೆಗಳೂ ಶಾಲೆಗೆ ಬಂದುಬಿಟ್ಟರಂತೂ ಕೇಳಲೇಬೇಡಿ. ನಾನು ಐದಾರು ಊರುಗಳಲ್ಲಿ ಅಕ್ಕೋರಾಗಿ ಮಕ್ಕಳಿಗೆ ಕಲಿಸಿದ್ದೇನೆ. ಬೇರೆ ಕಡೆ ವರ್ಷಕ್ಕೊಮ್ಮೆ ನಡೆಯುವಂಥದ್ದು ಆ ಒಂದು ಊರಿನಲ್ಲಿ ವಾರಕ್ಕೊಮ್ಮೆ ನಡೆಯುತ್ತಿತ್ತು.

ಹಳಿಯಾಳದಿಂದ ದಾಂಡೇಲಿಗೆ ಹೋಗುವ ಗಾಡಿದಾರಿ ಬಿಟ್ಟು ಸಾಗವಾನಿ ಕಾಡಿನೊಳಗೆ ಒಂದು ತಾಸು ನಡೆದರೆ ಆ ಊರು. ಎರಡನೇ ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ. ನನಗಿಂತ ಮೊದಲು ಮೂವರು ಮಾಸ್ತರರು ಅಲ್ಲಿಗೆ ಹೋಗಿ, ಚಳಿಜ್ವರ ಹತ್ತಿಸಿಕೊಂಡು, ಹಾಸಿಗೆ ಸುತ್ತಿಕೊಂಡು ಓಡಿಬಂದಿದ್ದರು. ನಾಲ್ಕನೆಯವರು ಯಾರೂ ಒಪ್ಪದ್ದಕ್ಕೆ ಶಾಲಾ ಬೋರ್ಡಿನವರು ನನ್ನನ್ನು ಕಳಿಸಿದರು. ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ ಆಗಷ್ಟೇ ಹೊರಬಿದ್ದಿದ್ದೆ. ಗಂಡ ತೀರಿಹೋಗಿ ಮೂರು ವರ್ಷವಾಗಿತ್ತು. ಒಬ್ಬಳೇ ಹೊರಟಾಗ ನಮ್ಮ ಅತ್ತೆ ತಮ್ಮ ತಂಬಿಗೆ ತಗೊಂಡು ಗಾಡಿ ಹತ್ತಿ ಕೂತರು. "ಮಗಾ ಹೋದ ಮ್ಯಾಲೆ ನಾ ಇಲ್ಲಿ ಯಾರ ಮುಖಾ ನೋಡಿಕೋತ ಕೂಡಲಿ, ನಡಿ" ಅಂದರು. ಆ ಊರಿನಲ್ಲಿ ನಾನು ಉಳಿದದ್ದು, ಶಾಲೆ ಉಳಿದದ್ದು ಇಂಥ ಮಂದಿಯಿಂದ. ಅವರನ್ನು ನೆನೆಯುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಗು ಬಂದರೆ ಅದು ಅವರೇ ಕೊಟ್ಟದ್ದು.

೧. ಕೇಳಿಸದ ಇಯತ್ತೆ

ಅರಣ್ಯ ಖಾತೆಯವರು ಬಿಟ್ಟುಕೊಟ್ಟ ಹಳೆಯ ಕಟ್ಟಿಗೆ ಡಿಪೋದ ಒಂದು ಕೋಣೆಯೇ ನಮ್ಮ ಶಾಲೆ. ಅದರಲ್ಲಿ ನಾಲ್ಕು ಇಯತ್ತೆ, ಅಂದರೆ ನಾಲ್ಕು ತರಗತಿ. ಆರು ವರ್ಷದವರಿಂದ ಹದಿಮೂರರವರೆಗೆ ಎಲ್ಲರೂ ಒಂದೇ ಸೂರಿನ ಕೆಳಗೆ. ಒಂದೊಂದು ಇಯತ್ತೆಯನ್ನು ಒಂದೊಂದು ಗೋಡೆಗೆ ಮುಖ ಮಾಡಿ ಕೂಡಿಸಿ, ನಾನು ನಟ್ಟನಡುವೆ ಮಣೆ ಹಾಕಿಕೊಂಡು ಕೂತು ಬೀಸುಕಲ್ಲಿನಂತೆ ತಿರುಗುತ್ತಿದ್ದೆ.

ಮೊದಲ ದಿನ ನಾಲ್ಕನೇ ಇಯತ್ತೆಯ ಕಡೆ ತಿರುಗಿ, ಕಾಳಿ ನದಿ ಎಲ್ಲಿ ಸಮುದ್ರ ಸೇರುತ್ತದೆ ಎಂದು ಕೇಳಿದೆ. ಅವರು ಬಾಯಿ ತೆರೆಯುವ ಮೊದಲೇ ನನ್ನ ಬೆನ್ನ ಹಿಂದಿನಿಂದ, ಒಂದನೇ ಇಯತ್ತೆಯ ಗೋಡೆಯಿಂದ ಸಣ್ಣ ದನಿಯೊಂದು ಕಾರವಾರದ ಹತ್ತಿರ ಎಂದಿತು. ನಮ್ಮ ಪ್ರಾಂತ್ಯದ ರಾಜಧಾನಿ ಕೇಳಿದೆ, ಮತ್ತೆ ಅದೇ ದನಿ ಮುಂಬಯಿ ಅಂತು. ಯಾವ ಬೆಟ್ಟ, ಯಾವ ಬಂದರು, ಯಾವ ಊರಲ್ಲಿ ಏನು ಬೆಳೆಯುತ್ತದೆ, ಎಲ್ಲಕ್ಕೂ ಉತ್ತರ ಸಿದ್ಧವಿತ್ತು. ತಿರುಗಿ ನೋಡಿದರೆ ಮೂಗು ಸುರಿಸುತ್ತಿದ್ದ ಗಿಡ್ಡ ಹುಡುಗ. ಮೂರು ವರ್ಷದಿಂದ ಒಂದನೇ ಇಯತ್ತೆಯಲ್ಲೇ ಕೂತಿದ್ದಾನೆ, ಇನ್ನೂ ಅ ಆ ಬಂದಿಲ್ಲ ಎಂದು ಉಳಿದವರು ಹೇಳಿದರು. ನಾಲ್ಕನೇ ಇಯತ್ತೆಯ ಭೂಗೋಳವೆಲ್ಲ ಬಾಯಿಪಾಠ ಇರುವ ನಿನಗೆ ನಿನ್ನ ಇಯತ್ತೆಯ ಅಕ್ಷರ ಏಕೆ ಬರುವುದಿಲ್ಲ ಎಂದು ಕೇಳಿದೆ.

ಅವನು ಮೂಗು ಒರೆಸಿಕೊಂಡು ವಿವರಿಸಿದ. "ನಮ್ಮ ಇಯತ್ತೆದ್ದು ನನಗ ಕೇಳಸೂದಿಲ್ರಿ ಅಕ್ಕೋರ. ನಾಕನೇದವ್ರು ಭಾಳ ಗದ್ಲಾ ಮಾಡತಾರ."

೨. ಪಾಟೀಲರಿಗೆ ಬಂದ ಪತ್ರ

ಊರ ಪಾಟೀಲರಿಗೆ ಶಾಲೆ ಕಂಡರೆ ಆಗುತ್ತಿರಲಿಲ್ಲ. ಕಾಡಿನ ಮಕ್ಕಳು ಓದಿ ಯಾರನ್ನು ಉದ್ಧಾರ ಮಾಡಬೇಕು ಎಂಬುದು ಅವರ ಮಾತು. ಮೊಮ್ಮಗಳೊಬ್ಬಳನ್ನು ಮಾತ್ರ, ಮನೆಯಲ್ಲಿದ್ದರೆ ಎದುರು ಮಾತಾಡುತ್ತಾಳೆ ಎಂಬ ಕಾರಣಕ್ಕೆ ಶಾಲೆಗೆ ಅಟ್ಟಿದ್ದರು. ಅವಳು ನಾಲ್ಕನೇ ಇಯತ್ತೆ, ನನ್ನ ಬಲಗೈ.

ನಾನು ಹೋದ ಎರಡನೇ ತಿಂಗಳಿಗೆ ಡೆಪ್ಯುಟಿ ಸಾಹೇಬರು, ಅಂದರೆ ಶಾಲಾ ತಪಾಸಣೆಯವರು, ಬಂದು ನೋಡಿದಾಗ ಹನ್ನೊಂದು ಮಕ್ಕಳಿದ್ದರು. ಉಳಿದವರು ಎಮ್ಮೆ ಕಾಯಲು ಹೋಗಿದ್ದರು. ಸಾಹೇಬರು ಎಣಿಸಿ ಬರೆದುಕೊಂಡು ಹೋದರು. ಎಂಟು ದಿನ ಬಿಟ್ಟು ಹಳಿಯಾಳದಿಂದ ಪಾಟೀಲರ ಹೆಸರಿಗೆ ಸರಕಾರಿ ಪತ್ರ ಬಂತು. ಪಾಟೀಲರಿಗೆ ಓದಲು ಬಾರದು. ಇನ್ನು ಆ ಊರಿನಲ್ಲಿ ಓದಲು ಬರುವವರಿದ್ದದ್ದು ಶಾಲೆಯಲ್ಲಿ ಮಾತ್ರ. ರುಮಾಲು ಸುತ್ತಿಕೊಂಡು ಮೊದಲ ಸಲ ಶಾಲೆಗೆ ಬಂದರು. ನನ್ನ ಕೈಗೆ ಕೊಡಲು ಬಿಗುಮಾನ, ಮೊಮ್ಮಗಳ ಕೈಗೆ ಕೊಟ್ಟರು.

ಅವಳು ಎದ್ದು ನಿಂತು, ಪಾಠ ಓದಿದ ಹಾಗೆ ಒಂದೊಂದೇ ಅಕ್ಷರ ಒತ್ತಿ ಓದಿದಳು. ಈ ಊರ ಶಾಲೆಯಲ್ಲಿ ಹಾಜರಿ ಕಡಿಮೆ ಇದೆ. ದೀಪಾವಳಿಯ ನಂತರದ ತಪಾಸಣೆಯಲ್ಲಿ ಇಪ್ಪತ್ತೈದು ಮಕ್ಕಳು ಕಾಣದಿದ್ದರೆ ಶಾಲೆಯನ್ನು ಮುಚ್ಚಲಾಗುವುದು. ಮಕ್ಕಳು ಹಳ್ಳದಾಚೆಯ ಊರಿನ ಶಾಲೆಗೆ ಹೋಗತಕ್ಕದ್ದು.

ಆ ಹಳ್ಳಕ್ಕೆ ಸೇತುವೆ ಇರಲಿಲ್ಲ, ಮಳೆಗಾಲದಲ್ಲಿ ಎತ್ತುಗಳೇ ದಾಟುತ್ತಿರಲಿಲ್ಲ. ಶಾಲೆ ಮುಚ್ಚಿದರೆ ಈ ಮಕ್ಕಳ ಓದು ಅಲ್ಲಿಗೇ ಮುಗಿದ ಹಾಗೆ. ಪಾಟೀಲರು ಖುಷಿಪಡುತ್ತಾರೆ ಅಂದುಕೊಂಡರೆ ಅವರ ಮುಖ ನನಗಿಂತ ಸಪ್ಪಗಾಗಿತ್ತು. ಪತ್ರ ಇಸಗೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಸಾಲಿ ಮುಚ್ಚತೇವಿ ಅನ್ನೂದನ್ನ ಸಾಲಿಗೇ ಬಂದು ಓದಿಸಿಕೊಂಡೆ" ಅಂದರು. "ಮುಚ್ಚೇವಿ ಅಂತ ಇನ್ನೊಂದು ಪತ್ರಾ ಬರೀತಾರಲ್ಲ, ಅದನ್ನ ಎಲ್ಲಿಗೆ ಒಯ್ಯಲಿ?"

೩. ಎಮ್ಮೆಯ ಗಂಟೆ

ಮರುದಿನದಿಂದ ಪಾಟೀಲರು, ನಾನು ಮನೆ ಮನೆ ತಿರುಗಿದೆವು. ಊರಾಚೆ ಗೌಳಿಗರ ದೊಡ್ಡಿಗಳಿದ್ದವು. ಎಮ್ಮೆಯೇ ಅವರ ಬಾಳು. ಅಲ್ಲಿಂದ ಏಳು ಮಕ್ಕಳು ಬರಬೇಕಿತ್ತು, ಒಬ್ಬರೂ ಬರುತ್ತಿರಲಿಲ್ಲ. ಅಲ್ಲಿಯ ಹಿರಿಯ ಗೌಳಿಗ ನಮ್ಮನ್ನು ಕಂಬಳಿ ಹಾಸಿ ಕೂಡಿಸಿ, ಮಜ್ಜಿಗೆ ಕೊಟ್ಟು, ಎಲ್ಲಾ ಕೇಳಿಕೊಂಡ. ಮಕ್ಕಳನ್ನು ಕಳಿಸಲು ತನ್ನದೇನೂ ತಕರಾರಿಲ್ಲ, ಎಮ್ಮೆ ಒಪ್ಪಬೇಕು ಎಂದ. ಅವು ಬೆಳಿಗ್ಗೆ ಮೇಯುತ್ತವೆ, ಸಂಜೆ ಮೇಯುತ್ತವೆ. ನಡು ಮಧ್ಯಾಹ್ನ ಮಾತ್ರ ನೀರಿಗೆ ಬಿದ್ದು ಸುಮ್ಮನಿರುತ್ತವೆ. ಆಗ ಮಕ್ಕಳಿಗೂ ಕೆಲಸವಿಲ್ಲ.

ನಮ್ಮ ಶಾಲೆಯ ಹಿಂದೆಯೇ ಒಂದು ಕೆರೆ ಇತ್ತು. ಎಮ್ಮೆಗಳನ್ನು ಅದಕ್ಕೇ ಹೊಡೆದುಕೊಂಡು ಬರಲಿ, ಶಾಲೆಯನ್ನೇ ಮಧ್ಯಾಹ್ನಕ್ಕೆ ಇಡುತ್ತೇನೆ ಎಂದೆ. ಹಿರಿಯ ಒಪ್ಪಿದ. ಮರುದಿನ ಏಳು ಮಕ್ಕಳು, ನಲವತ್ತು ಎಮ್ಮೆ ಕೂಡಿಯೇ ಬಂದರು.

ಒಂದು ವಾರ ಚಂದ ನಡೆಯಿತು. ಎಂಟನೇ ದಿನ ನಾನು ಲೆಕ್ಕ ಹೇಳಿಕೊಡುತ್ತಿದ್ದಾಗ, ಉತ್ತರ ಇನ್ನೇನು ಬರಬೇಕು ಅನ್ನುವಾಗ, ಏಳೂ ಮಕ್ಕಳು ಒಮ್ಮೆಲೇ ಎದ್ದು ಪಾಟಿ ಕಂಕುಳಿಗೆ ಸಿಗಿಸಿ ಹೊರಗೆ ಓಡಿದರು. ಅವರನ್ನು ನೋಡಿ ಉಳಿದವರೂ ಓಡಿದರು. ಏನಾಯಿತೆಂದು ಬಾಗಿಲಿಗೆ ಬಂದರೆ, ಕೊಂಬು ಡೊಂಕಾದ ಒಂದು ಮುದಿ ಎಮ್ಮೆ ಅಂದು ಹೊತ್ತಿಗೆ ಮೊದಲೇ ಕೆರೆಯಿಂದ ಎದ್ದು ಮೈ ಝಾಡಿಸುತ್ತಿತ್ತು. ಅದರ ಹಿಂದೆ ಉಳಿದವು ಒಂದೊಂದಾಗಿ ಏಳುತ್ತಿದ್ದವು. ಅಂದಿನಿಂದ ನಾನು ಗಂಟೆ ಬಾರಿಸುವುದನ್ನೇ ಬಿಟ್ಟೆ. ಬಾರಿಸಿದರೂ ಯಾರೂ ಕೇಳುತ್ತಿರಲಿಲ್ಲ, ಎಲ್ಲರ ಕಿವಿ ಕೆರೆಯ ಕಡೆಗೆ.

ಇದನ್ನು ಹೇಳಿಕೊಂಡು ನಾನು ಬೇಸರ ಮಾಡಿಕೊಂಡಾಗ ಅತ್ತೆ ಅಕ್ಕಿ ಆರಿಸುತ್ತಲೇ ಸಮಾಧಾನ ಹೇಳಿದರು. "ಬ್ಯಾಸರಾ ಯಾಕ? ನಿನಗೂ ಮ್ಯಾಲೆ ಒಬ್ಬ ಹೆಡ್‌ಮಾಸ್ತರ ಬೇಕಿತ್ತಲ್ಲ, ಸಿಕ್ಕಾಳ."

೪. ಯಾವ ಹುಲಿ

ಸಿದ್ದಿಯವರ ಕೇರಿಯಿಂದ ಒಬ್ಬ ಅಜ್ಜಿ ತಾನಾಗಿಯೇ ಬಂದಳು. ಎತ್ತರದ ಹೆಂಗಸು, ನಕ್ಕರೆ ಕೋಣೆ ತುಂಬುವಂಥ ದನಿ. ಇಬ್ಬರು ಮೊಮ್ಮಕ್ಕಳನ್ನು ಮುಂದೆ ನಿಲ್ಲಿಸಿ ಹೆಸರು ಬರಕೋರಿ ಎಂದಳು. ದಾಖಲೆ ಪುಸ್ತಕದಲ್ಲಿ ಹುಟ್ಟಿದ ವರ್ಷ ಬರೆಯಬೇಕು. ಕೇಳಿದೆ. ದೊಡ್ಡವಳು ಹುಟ್ಟಿದ್ದು ಹುಲಿ ಪಾಟೀಲರ ಎತ್ತು ಹಿಡಿದ ವರ್ಷ ಎಂದಳು.

ಪಾಟೀಲರನ್ನು ಕೇಳಿ ಕಳಿಸಿದೆ. ಹುಲಿ ತಮ್ಮ ಎತ್ತು ಹಿಡಿದದ್ದು ಮೂರು ಸಲ, ಯಾವ ಎತ್ತು ಎಂದು ಹೇಳಿ ಕಳಿಸಿದರು. ಅಜ್ಜಿಯನ್ನು ಕೇಳಿದರೆ, ಎತ್ತಿನ ಗುರುತು ತನಗಿಲ್ಲ, ಹುಲಿಯ ಗುರುತಿದೆ, ಅದು ಕುಂಟುತ್ತಿತ್ತು ಎಂದಳು. ಮತ್ತೆ ಪಾಟೀಲರು. ಕುಂಟ ಹುಲಿ ಎರಡು ವರ್ಷ ಬಂದಿತ್ತಂತೆ, ಮೊದಲ ವರ್ಷ ಕಮ್ಮಿ, ಎರಡನೇ ವರ್ಷ ಹೆಚ್ಚು ಕುಂಟುತ್ತಿತ್ತಂತೆ. ಹೆಚ್ಚು ಕುಂಟುವಾಗ ಹುಟ್ಟಿದವಳು ಎಂದು ಅಜ್ಜಿ ನಿಕ್ಕಿ ಮಾಡಿದಳು. ಚಿಕ್ಕವನದು ದೊಡ್ಡ ಬಿದಿರು ಹೂಬಿಟ್ಟ ವರ್ಷ. ಅದಕ್ಕೆ ಅರಣ್ಯದ ಗಾರ್ಡ್‌ನನ್ನು ಹಿಡಿದು ವಿಚಾರಿಸಿದೆ. ಎರಡು ದಿನ ಓಡಾಡಿ ವರ್ಷ ಹಾಕಿ ನೋಡಿದರೆ, ತಮ್ಮನು ಅಕ್ಕನಿಗಿಂತ ಒಂದು ವರ್ಷ ಮೊದಲು ಹುಟ್ಟಿದ್ದ.

ಅಜ್ಜಿಗೆ ಹೇಳಿದೆ. ಅವಳು ಇಬ್ಬರನ್ನೂ ಪಕ್ಕ ಪಕ್ಕ ನಿಲ್ಲಿಸಿ, ಅಡಿಯಿಂದ ಮುಡಿತನಕ ನೋಡಿದಳು. ನನ್ನ ಪುಸ್ತಕವನ್ನೂ ಬಗ್ಗಿ ನೋಡಿದಳು. ಕೊನೆಗೆ ತೀರ್ಪು ಕೊಟ್ಟಳು.

"ಮಕ್ಕಳು ಬರೋಬ್ಬರಿ ಅದಾವ್ರಿ. ಆ ಹುಲೀನ ಸುಳ್ಳ ಹೇಳೈತಿ."

೫. ನಾಳೆಯ ಅಕ್ಷರ

ಮಕ್ಕಳು ಇಪ್ಪತ್ತಾದರು, ಇಪ್ಪತ್ತೆರಡಾದರು. ಹೊಸಬರೆಲ್ಲ ಒಂದನೇ ಇಯತ್ತೆ. ನಾನು ನಾಲ್ಕನೇ ಗೋಡೆಗೆ ತಿರುಗುವಷ್ಟರಲ್ಲಿ ಒಂದನೇ ಗೋಡೆ ಖಾಲಿ, ಎಲ್ಲರೂ ಹೊರಗಿನ ಸಾಗವಾನಿ ದಿಮ್ಮಿಗಳ ಮೇಲೆ. ನನ್ನ ಪಾಡು ನೋಡಲಾರದೆ ಅತ್ತೆ ಬಂದು ಆ ಗೋಡೆಯ ಹತ್ತಿರ ಕೂತರು.

ನಮ್ಮ ಅತ್ತೆ ಮಡಿಯವರು. ಮೊದಲ ದಿನ ಮಣೆ ದೂರ ಹಾಕಿಕೊಂಡು, ಯಾರೂ ಮುಟ್ಟಕೂಡದು ಎಂದು ಅಪ್ಪಣೆ ಮಾಡಿ, ಕತೆ ಹೇಳಿದರು. ಮೂರನೇ ದಿನ ಜ್ವರ ಬಂದ ಒಂದು ಗೌಳಿಗರ ಕೂಸು ಕತೆ ಕೇಳುತ್ತಾ ಕೇಳುತ್ತಾ ಅವರ ತೊಡೆಯ ಮೇಲೇ ಮಲಗಿಬಿಟ್ಟಿತು. ಎಬ್ಬಿಸಲು ಮನಸ್ಸಾಗಲಿಲ್ಲ. ಮನೆಗೆ ಬಂದು ಸ್ನಾನ ಮಾಡಿದರು. ಮರುದಿನ ಇಬ್ಬರು ಮಲಗಿದರು, ಮತ್ತೆ ಸ್ನಾನ. ವಾರದ ಕೊನೆಗೆ, ನೀರು ಹೊತ್ತು ತರುವವಳು ನೀನು, ನಿನ್ನ ನಡು ಬಿದ್ದುಹೋಗುತ್ತದೆ ಎಂದು ನನ್ನ ನೆವ ಹೇಳಿ ಸ್ನಾನ ಬಿಟ್ಟರು. ಆಮೇಲೆ ಆ ಮಾತು ಮತ್ತೆ ಬರಲೇ ಇಲ್ಲ.

ಕತೆಯಿಂದ ಮಕ್ಕಳು ಕೂತರು, ಅಕ್ಷರ ಆಗಬೇಕಲ್ಲ. ಅತ್ತೆಗೆ ಅಕ್ಷರ ಬಾರದು. ಅದಕ್ಕೊಂದು ಉಪಾಯ ಮಾಡಿದೆವು. ಸಂಜೆ ಕಟ್ಟೆಯ ಮೇಲೆ ಕೂತು ನಾನು ಅವರಿಗೆ ಒಂದು ಅಕ್ಷರ ಕಲಿಸುವುದು, ಮರುದಿನ ಅವರು ಅದನ್ನು ಮಕ್ಕಳಿಗೆ ಕಲಿಸುವುದು. ಐವತ್ತೈದು ವರ್ಷದ ಹೆಂಗಸು ಮಣ್ಣಿನ ಮೇಲೆ ಬೆರಳಿನಿಂದ ತಿದ್ದುವಾಗ ನನಗೆ ಅಳು ಬರುತ್ತಿತ್ತು, ತಡೆದುಕೊಳ್ಳುತ್ತಿದ್ದೆ. ಅವರು ಮಾತ್ರ ಠೀವಿಯಿಂದ ಶಾಲೆಗೆ ಬಂದು, ಹುಟ್ಟಿದಾಗಿನಿಂದ ಬರುತ್ತಿತ್ತು ಎಂಬಂತೆ ಕಲಿಸುತ್ತಿದ್ದರು.

ಒಂದು ದಿನ ಒಬ್ಬ ಚುರುಕು ಹುಡುಗಿ ಪುಸ್ತಕದ ಹಾಳೆ ಮಗುಚಿ, ಮುಂದಿನ ಅಕ್ಷರದ ಮೇಲೆ ಬೆರಳಿಟ್ಟು, ಅಜ್ಜಿ ಇದೇನು ಎಂದು ಕೇಳಿದಳು. ನಾನು ಮೂರನೇ ಗೋಡೆಯಿಂದ ತಿರುಗಿ ನೋಡಿದೆ. ಅತ್ತೆ ಪುಸ್ತಕವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು, ಗಂಭೀರವಾಗಿ ಮುಚ್ಚಿದರು.

"ಅದು ನಾಳಿನ ಅಕ್ಷರ" ಅಂದರು. "ಇವತ್ತ ನೋಡಿದ್ರ ಹಳಸತದ."

೬. ಹಾಜರ

ದೀಪಾವಳಿಯ ನಂತರ ಬರುತ್ತೇವೆ ಎಂದಿದ್ದ ಡೆಪ್ಯುಟಿ ಸಾಹೇಬರು ಹೇಳದೆ ಕೇಳದೆ ಹಬ್ಬಕ್ಕೆ ಹದಿನೈದು ದಿನ ಮೊದಲೇ ಬಂದಿಳಿದರು. ಅದೇ ವಾರ ಊರಿಗೆ ಚಳಿಜ್ವರ ಬಿದ್ದಿತ್ತು. ಪುಸ್ತಕದಲ್ಲಿ ಇಪ್ಪತ್ತಾರು ಹೆಸರು, ಕೋಣೆಯಲ್ಲಿ ಹದಿನಾರು ಮಕ್ಕಳು. ಸಾಹೇಬರು ಎಣಿಸಿದರು, ಪುಸ್ತಕ ತೆಗೆದರು, ಬರೆಯಲು ಲೇಖನಿ ಎತ್ತಿದರು. ಲೇಖನಿ ನಡುಗಿತು. ಕೈ ನಡುಗಿತು. ಆಮೇಲೆ ಹಲ್ಲು ಕಟಕಟ ಅನ್ನತೊಡಗಿತು. ದಾರಿಯಲ್ಲೇ ಅವರಿಗೆ ಜ್ವರ ಹತ್ತಿತ್ತು.

ಗಾಡಿಯಲ್ಲಿ ಕೂಡುವ ಸ್ಥಿತಿ ಇರಲಿಲ್ಲ. ಊರಿನಲ್ಲಿ ಸೋರದ ಸೂರು ಅಂದರೆ ಶಾಲೆಯೊಂದೇ. ನಾನು ಕೂಡುವ ನಟ್ಟನಡುವಿನ ಜಾಗದಲ್ಲಿ ಅವರನ್ನು ಮಲಗಿಸಿದೆವು. ಗೌಳಿಗರು ಕಂಬಳಿ ತಂದು ಒಂದರ ಮೇಲೊಂದು ಹೊದಿಸಿದರು. ಸಿದ್ದಿ ಅಜ್ಜಿ ಅಮೃತಬಳ್ಳಿಯ ಕಷಾಯ ಕಾಸಿ ಕುಡಿಸಿದಳು. ನನ್ನ ಹತ್ತಿರ ಕ್ವಿನೈನ್ ಗುಳಿಗೆ ಇದ್ದವು. ಅತ್ತೆ ಗಂಜಿ ಮಾಡಿದರು. ಪಾಟೀಲರು ಬಂದು, ಸಾಹೇಬರಿಗೆ ಗದ್ದಲವಾಗುತ್ತದೆ, ಶಾಲೆಗೆ ರಜೆ ಕೊಡೋಣ ಎಂದರು. ಕಂಬಳಿಯ ಒಳಗಿನಿಂದ ಸಾಹೇಬರ ದನಿ ಬಂತು. "ರಜಾ ಬ್ಯಾಡ್ರಿ. ಕೊಟ್ರ ಅದನ್ನೂ ನಾನ ಬರಕೋಬೇಕಾಗತದ."

ಹಾಗಾಗಿ ಮೂರು ದಿನ ನಾಲ್ಕೂ ಇಯತ್ತೆ ಅವರ ಸುತ್ತ ನಡೆದವು. ಒಂದು ಗೋಡೆಯಲ್ಲಿ ಕತೆ, ಒಂದರಲ್ಲಿ ಮಗ್ಗಿ, ಒಂದರಲ್ಲಿ ಪದ್ಯ, ಒಂದರಲ್ಲಿ ಭೂಗೋಳ. ದೊಡ್ಡವರು ಚಿಕ್ಕವರಿಗೆ ಹೇಳಿಕೊಡುವುದು, ಚಿಕ್ಕವರು ದೊಡ್ಡವರನ್ನು ತಿದ್ದುವುದು, ಅತ್ತೆ ತಮ್ಮ ಅಕ್ಷರ ಕಲಿಸುವುದು, ಮುದಿ ಎಮ್ಮೆ ಎದ್ದರೆ ಎಲ್ಲರೂ ಓಡುವುದು, ಎಲ್ಲವನ್ನೂ ಅವರು ಮಲಗಿದಲ್ಲೇ ಕೇಳಿದರು. ಜ್ವರದ ತಾಪದಲ್ಲಿ ಮಕ್ಕಳ ಮಗ್ಗಿಗೆ ತಾವೂ ದನಿ ಕೂಡಿಸುತ್ತಿದ್ದರು.

ಮೂರನೇ ದಿನ ಜ್ವರ ಬಿಟ್ಟು ಎದ್ದು ಕೂತಾಗ ಕೋಣೆ ಕಿಕ್ಕಿರಿದಿತ್ತು. ಗುಣವಾದ ಮಕ್ಕಳು ಬಂದಿದ್ದರು. ಶಾಲೆಯಲ್ಲಿ ಸಾಹೇಬರೊಬ್ಬರು ಮಲಗಿದ್ದಾರೆ ಎಂಬ ಸುದ್ದಿ ಕೇಳಿ, ಎಂದೂ ಮುಖ ತೋರಿಸದವರೂ ಬಂದಿದ್ದರು. ಸಾಹೇಬರು ಎಣಿಸಿದರು, ಮೂವತ್ತೊಂದು. ಇದರಲ್ಲಿ ಎಷ್ಟೋ ಮಂದಿ ನಿಮ್ಮನ್ನು ನೋಡಲು ಬಂದವರು ಎಂದು ನಾನು ನಿಜವನ್ನೇ ಹೇಳಿದೆ. ಸುಳ್ಳು ಹೇಳಿ ಉಳಿಸಿದ ಶಾಲೆಯಲ್ಲಿ ಏನು ಕಲಿಸುವುದು?

ಅವರು ಕಂಬಳಿ ಸರಿಸಿ ನನ್ನ ಕಡೆ ತಿರುಗಿದರು. "ಅಕ್ಕೋರ, ಇಷ್ಟು ವರ್ಷ ಸಾಲಿ ಎಣಿಸಿಕೋತ ತಿರುಗೇನಿ" ಅಂದರು. "ಸಾಲಿ ಕೇಳಿಸಿಕೊಂಡಿದ್ದು ಇದ ಮೊದಲು. ಇದನ್ನ ಮುಚ್ಚಾಕ ನನ್ನ ಕೈಲೆ ಆಗೂದಿಲ್ಲ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಪಾಟೀಲರು ರುಮಾಲು ತೆಗೆದು ಮತ್ತೆ ಸುತ್ತಿಕೊಂಡರು. ನಾನು ಕೈ ಮುಗಿದೆ. ಆ ಕ್ಷಣ ಯಾರಿಗೆ ಮುಗಿದೆನೋ ನನಗೇ ಗೊತ್ತಿಲ್ಲ. ಸಾಹೇಬರಿಗಿರಬಹುದು, ಕಷಾಯದ ಅಜ್ಜಿಗಿರಬಹುದು, ಕಂಬಳಿಗಿರಬಹುದು. ಸಂಕ್ರಾಂತಿಗೆ ಬೋರ್ಡಿನ ಹುಕುಂ ಬಂತು, ಶಾಲೆ ಮುಂದುವರಿಯಿತು. ನಾನು ಅಲ್ಲಿ ಇನ್ನೂ ಒಂಬತ್ತು ವರ್ಷ ಇದ್ದೆ.

ಆದರೆ ಆ ಮೂರನೇ ದಿನ ಇನ್ನೂ ಮುಗಿದಿರಲಿಲ್ಲ. ಹೊರಡುವ ಮೊದಲು ಸಹಿ ಮಾಡಲು ಸಾಹೇಬರು ಹಾಜರಿ ಪುಸ್ತಕ ಕೇಳಿದರು. ನಾನು ಸಾಹೇಬರ ಆರೈಕೆಯಲ್ಲಿ ತೊಡಗಿದ್ದ ಆ ಮೂರೂ ದಿನ ಹೆಸರು ಕರೆದು ಹಾಜರಿ ಹಾಕಿದವಳು ಪಾಟೀಲರ ಮೊಮ್ಮಗಳು. ಸಾಹೇಬರು ಹಾಳೆಯ ಮೇಲೆ ಕಣ್ಣಾಡಿಸುತ್ತಾ ಬಂದು, ಒಂದು ಕಡೆ ನಿಂತು, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ನಾನು ಬಗ್ಗಿ ನೋಡಿದೆ. ಒಂದನೇ ಇಯತ್ತೆಯ ಎಲ್ಲ ಹೆಸರುಗಳ ಕೆಳಗೆ ದುಂಡಗೆ 'ಡೆಪ್ಯುಟಿ ಸಾಹೇಬರು' ಎಂದು ಬರೆದಿತ್ತು. ಮುಂದೆ ಮೂರು ದಿನದ ಹಾಜರಿ.

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಯಾರು ಬರೆದದ್ದು ಎಂದು ಸಾಹೇಬರು ಕೇಳಿದರು. ಹುಡುಗಿ ಎದ್ದು ನಿಂತಳು. ಕೋಣೆಯೊಳಗೆ ಇದ್ದವರ ಹೆಸರನ್ನೆಲ್ಲ ಕರೆಯಬೇಕೆಂದು ಅಕ್ಕೋರು ಹೇಳಿದ್ದಾರೆ, ಕರೆದಾಗ ಮೂರೂ ದಿನ ನೀವು ಹೂಂ ಅಂದಿರಿ, ಅದಕ್ಕೇ ಹಾಕಿದೆ ಎಂದು ಒಂದು ಚೂರೂ ಅಳುಕದೆ ಹೇಳಿದಳು. ಸಾಹೇಬರಿಗೆ ನಗು ತಡೆಯಲಾಗಲಿಲ್ಲ, ಆದರೂ ಹುಬ್ಬು ಗಂಟು ಹಾಕಿಕೊಂಡೇ ಕೇಳಿದರು.

"ನಾ ಬಿ.ಎ. ಪಾಸ್ ಮಾಡೇನವಾ. ನನ್ನ ಒಂದನೇ ಇಯತ್ತೆಕ್ಕ ಯಾಕ ಹಾಕಿದಿ?"

"ಎರಡನೇದಕ್ಕ ಹೋಗಬೇಕಂದ್ರ ಒಂಬತ್ತರ ಮಗ್ಗಿ ಬರಬೇಕ್ರಿ ಸಾಹೇಬ್ರ" ಅಂದಳು ಹುಡುಗಿ. "ನೀವು ಮಲಗಿದಾಗ ಒಂಬತ್ತೇಳಲೆ ಅರವತ್ತೆರಡು ಅಂದ್ರಿ. ಪಾಠಾ ಮಾಡಿಕೊಂಡು ದೀಪಾವಳಿ ಆದ ಮ್ಯಾಲೆ ಬರ್ರಿ, ಇನ್ನೊಮ್ಮೆ ಕೇಳತೇವಿ."